ಆರ್ಡಿತ್ ಕುಚೆರಾಳ ಹಿಂದಿನ ಎರಡು ಗಾಲಿ

ಆರ್ಡಿತ್ ಕುಚೆರಾಳಿಗೆ ತಲೆ ಕೆಟ್ಟಿದೆ ಎಂದು ಸ್ವೀಡ್ ವ್ಯಾಲಿ ಊರು ತೀರ್ಮಾನಿಸಿದ್ದು ಒಂದು ಮಂಗಳವಾರ ಬೆಳಗ್ಗೆ ಏಳೂವರೆಗೆ, ಲವೊನ್‌ಳ ಹೋಟೆಲಿನ ದುಂಡುಮೇಜಿನಲ್ಲಿ. ಕೂತಿದ್ದವರು ಏಳು ಗಂಡಸರು. ಏಳೂ ಮತ ಒಂದೇ ಕಡೆ ಬಿದ್ದವು. ಕಾಫಿಯ ದುಡ್ಡು ಯಾರು ಕೊಡಬೇಕು ಎಂದು ದಿನಾ ಚರ್ಮದ ಲೋಟದಲ್ಲಿ ದಾಳ ಕುಲುಕುವ ಆ ಮೇಜಿನಲ್ಲಿ ಇಂಥ ಒಮ್ಮತ ಹಿಂದೆಂದೂ ಮೂಡಿರಲಿಲ್ಲ. ಊರಿನ ನೀರಿನ ಗೋಪುರಕ್ಕೆ ಯಾವ ಬಣ್ಣ ಬಳಿಯಬೇಕೆಂಬುದೇ ಆರು ವರ್ಷದಿಂದ ಇತ್ಯರ್ಥವಾಗದೆ ಗೋಪುರ ತುಕ್ಕು ಹಿಡಿದಿತ್ತು.

ತಲೆ ಕೆಟ್ಟಿದ್ದಕ್ಕೆ ಸಾಕ್ಷಿ ಕಿಟಕಿಯಾಚೆ ನಿಂತಿತ್ತು. ಹೊಸ ಪಿಕಪ್, ಬಿಳಿ ಬಣ್ಣ, ಮೈಮೇಲೆ ಒಂದು ಗೀರೂ ಇಲ್ಲ. ಆದರೆ ಹಿಂಬದಿಯ ಪಕ್ಕದಲ್ಲಿ, ಆ ಸೀಮೆಯ ಪ್ರತಿ ಪಿಕಪ್ಪಿನ ಮೇಲೂ ಹಣೆಬೊಟ್ಟಿನ ಹಾಗೆ ಇರಬೇಕಾದ ‘ಫೋರ್ ವೀಲ್’ ಗುರುತು ಇರಲಿಲ್ಲ. ಗಾಲಿಗಳೇನೋ ಎಲ್ಲ ಪಿಕಪ್ಪಿಗೂ ನಾಲ್ಕೇ. ಎಂಜಿನ್ ಯಾವ ಗಾಲಿಗಳನ್ನು ತಿರುಗಿಸುತ್ತದೆ ಎಂಬಲ್ಲಿ ಜಾತಿಭೇದ ಶುರುವಾಗುತ್ತದೆ. ನಾಲ್ಕನ್ನೂ ತಿರುಗಿಸಿದರೆ ಅದು ಕುಲೀನ. ಬರೀ ಹಿಂದಿನ ಎರಡನ್ನು ತಿರುಗಿಸಿದರೆ ಅದು ಪೇಟೆಯ ಹೂವಿನಂಗಡಿಯವರ ಗಾಡಿ. ನೆಬ್ರಾಸ್ಕಾದ ಮರಳುಗುಡ್ಡಗಳ ನಡುವೆ, ನೂರಹನ್ನೆರಡು ಜನ ಮತ್ತು ನಲವತ್ತು ಸಾವಿರ ದನ ಇರುವ ಸೀಮೆಯಲ್ಲಿ, ಹತ್ತು ಹಸುಗಳ ಟ್ರೈಲರ್ ಎಳೆಯುವುದೇ ಕಸುಬಾದ ಹೆಂಗಸು ಅಂಥ ಗಾಡಿ ಕೊಂಡು ತಂದಿದ್ದಳು.

ಬಾಗಿಲು ತಳ್ಳಿಕೊಂಡು ಆರ್ಡಿತ್ ಒಳಗೆ ಬಂದಳು. ಮೊದಲು ಬಾಯಿಬಿಟ್ಟವನು ಲೋವೆಲ್ ಸ್ಟ್ರಾಂಡ್. ಶಾಲೆಯಲ್ಲಿ ಅವಳ ಪಕ್ಕದ ಬೆಂಚಿನವನು, ಈಗ ಹುಲ್ಲುಗಾವಲು ಸಂಘದ ಅಧ್ಯಕ್ಷ.

“ಏನೇ ಆರ್ಡಿ, ಮುಂದಿನ ಗಾಲಿಗೆ ದುಡ್ಡು ಸಾಲಲಿಲ್ವಾ? ಹೇಳಿದ್ರೆ ಚರ್ಚಲ್ಲಿ ತಟ್ಟೆ ಹಿಡೀತಿದ್ವಿ.”

“ಹಿಡೀರಿ, ಹಿಡೀರಿ. ಬಂದಿದ್ದರಲ್ಲಿ ನಿನಗೊಂದು ಏಣಿ ತೆಗೆಸಿಕೊಡೋಣ. ನಿನ್ನ ಪಿಕಪ್ ಹತ್ತೋಕೆ ನೀನು ಪಡೋ ಕಷ್ಟ ಕಣ್ಣಲ್ಲಿ ನೋಡೋಕಾಗಲ್ಲ,” ಎಂದಳು ಆರ್ಡಿತ್. “ಲವೊನ್, ನನಗೆ ಒಂದು ಬಟ್ಟಲು ಚಿಲ್ಲಿ ಸಾರು ಕಣೇ, ದಾಲ್ಚಿನ್ನಿ ರೋಲ್ ಜೊತೆಗೆ. ಎರಡು ರೋಲ್ ಇರಲಿ. ಇವರೆಲ್ಲ ನನ್ನ ಶ್ರಾದ್ಧ ಮಾಡ್ತಿದಾರೆ, ಊಟ ನಾನೇ ಮಾಡ್ಬಿಡ್ತೀನಿ.”

ಲೋವೆಲ್ಲನ ಪಿಕಪ್ಪಿನ ವಿಷಯ ಇಲ್ಲೇ ಹೇಳಿಬಿಡಬೇಕು. ಅದು ಹಳೆಯ ಕಾಲದ ಫೋರ್ ವೀಲ್. ಹನ್ನೊಂದು ವರ್ಷದ ಹಿಂದೆ ಸತ್ತ ರ‍್ಯಾಂಚಿನವನೊಬ್ಬನ ಸಾಮಾನು ಹರಾಜಿನಲ್ಲಿ ಅವನಿಗೆ ಸಿಕ್ಕಿತ್ತು. ಸಿಕ್ಕಿದ ವರ್ಷವೇ ಅದರ ಸ್ಪ್ರಿಂಗು ಬದಲಾಯಿಸಿ ಒಂದು ಮೊಳ ಎತ್ತರ ಮಾಡಿಸಿದ್ದ. ಒಳಗೆ ನೆಲದಿಂದ, ಮುಂದಿನ ಗಾಲಿಗಳಿಗೂ ಎಂಜಿನ್ನಿನ ಬಲ ಜೋಡಿಸುವ ಒಂದು ಲಿವರ್ ಎದ್ದಿತ್ತು. ಮೊದಲ ಹಿಮ ಬಿದ್ದ ದಿನ ಲೋವೆಲ್ ಆ ಲಿವರನ್ನು ಎಳೆಯುವುದು ಊರಿಗೇ ಗೊತ್ತಿರುವ ಆಚರಣೆ. ಎಳೆದು ಬಂದು ಹೋಟೆಲಿನಲ್ಲಿ, “ಎಳೆದ ತಕ್ಷಣ ಮುಂದಿನ ಗಾಲಿ ನೆಲ ಕಚ್ಚಿದ್ದು ಪೃಷ್ಠಕ್ಕೇ ಗೊತ್ತಾಯ್ತು ಮಾರಾಯ,” ಎಂದು ವರದಿ ಒಪ್ಪಿಸುತ್ತಿದ್ದ. ವರ್ಷಕ್ಕೊಮ್ಮೆ ಆ ಮಾತು ಕೇಳದಿದ್ದರೆ ಚಳಿಗಾಲ ಬಂದಿತೆಂದು ಯಾರಿಗೂ ನಂಬಿಕೆ ಬರುತ್ತಿರಲಿಲ್ಲ.

ಆರ್ಡಿತ್ ಟ್ರೈಲರ್ ಎಳೆಯಲು ಕಲಿತದ್ದು ಹದಿನಾಲ್ಕನೆಯ ವಯಸ್ಸಿಗೆ, ಎಮಿಲ್ ಎಂಬ ಸೋದರಮಾವನ ಬಳಿ. ಎಮಿಲ್ಲನಿಗೆ ಎಡಗೈಯಲ್ಲಿ ಮೂರೇ ಬೆರಳು, ಬಾಯಲ್ಲಿ ಅದಕ್ಕಿಂತ ಕಡಿಮೆ ಮಾತು. ಮುಂದೆ ಓಡಿಸಲು ಅವನು ಅವಳಿಗೆ ಕಲಿಸಲೇ ಇಲ್ಲ. ಇಡೀ ಒಂದು ಬೇಸಿಗೆ ಹಿಂದಕ್ಕೆ ಓಡಿಸುವುದನ್ನು ಮಾತ್ರ ಕಲಿಸಿದ. ಅಂಗಳದಲ್ಲಿ ನಾಲ್ಕು ಹಾಲಿನ ಕ್ಯಾನ್ ನಿಲ್ಲಿಸಿ, ಟ್ರೈಲರನ್ನು ಹಿಂದುಹಿಂದಾಗಿ ಅವುಗಳ ನಡುವೆ ತೂರಿಸಬೇಕು. ಒಂದು ಕ್ಯಾನ್ ಉರುಳಿದರೆ ಅಂದು ಸಂಜೆ ಕೊಲಾಚಿ ಇಲ್ಲ. ಅತ್ತೆ ಮಾಡುತ್ತಿದ್ದ ಆ ಏಪ್ರಿಕಾಟ್ ತುಂಬಿದ ಬನ್ನು ತಿನ್ನಲು ಹುಡುಗಿ ಮೂರೇ ವಾರದಲ್ಲಿ ಆ ಸೀಮೆಯ ಚಕ್ರವರ್ತಿನಿಯಾದಳು. ಇಪ್ಪತ್ತೆರಡಕ್ಕೆ ಮದುವೆ, ಮೂವತ್ತಕ್ಕೆ ವಿಚ್ಛೇದನ. ಅವರವರ ಸಾಮಾನು ಬೇರೆ ಮಾಡುವ ದಿನ ಗಂಡನ ಸೋಫಾ ತುಂಬಿದ ಟ್ರೈಲರನ್ನು ಗಂಡನಿಗೆ ಹಿಂದಕ್ಕೆ ತೆಗೆಯಲು ಬಾರದೆ ಅದು ಬೇಲಿಗೆ ಅಡ್ಡ ಸಿಕ್ಕಿಕೊಂಡಿತು. ಆರ್ಡಿತ್ ಅವನನ್ನು ಕೆಳಗಿಳಿಸಿ, ಒಂದೇ ಕೈಯಲ್ಲಿ ಟ್ರೈಲರ್ ತೆಗೆದು ರಸ್ತೆಗೆ ನಿಲ್ಲಿಸಿ, “ಈಗ ನೇರ ಹೋಗು, ಎಲ್ಲೂ ತಿರುಗಬೇಡ,” ಎಂದು ಕಳಿಸಿಕೊಟ್ಟಳು. ಅವನು ಕೊಲೊರಾಡೊ ಮುಟ್ಟಿದನಂತೆ.

ಅಲ್ಲಿಂದಾಚೆಗೆ ಅವಳ ಬದುಕೆಂದರೆ ಬೇರೆಯವರ ದನ. ಹೋರಿಯನ್ನು ಸಂತೆಗೆ, ಕುಂಟು ಕುದುರೆಯನ್ನು ಡಾಕ್ಟರ ಬಳಿಗೆ, ಶಾಲೆಯ ಮಕ್ಕಳು ಸಾಕಿದ ಹಂದಿಗಳನ್ನು ಜಿಲ್ಲೆಯ ಮೇಳಕ್ಕೆ. ಎಲ್ಲಕ್ಕಿಂತ ದೊಡ್ಡ ಕೆಲಸ ಅಕ್ಟೋಬರದ್ದು. ಸಂಘದವರ ಹಸುಗಳೆಲ್ಲ ಬೇಸಿಗೆಯಲ್ಲಿ ಬಡಗಣ ಹುಲ್ಲುಗಾವಲಿನಲ್ಲಿ ಮೇಯುತ್ತವೆ. ಹಿಮ ಬೀಳುವ ಮೊದಲು ಅವನ್ನು ಕೆಳಗೆ ತರಬೇಕು. ಮೂವತ್ತೊಂದು ಶರತ್ಕಾಲ ಆ ಕೆಲಸ ಆರ್ಡಿತ್ ಮಾಡಿದ್ದಳು. ವರ್ಷದ ಅರ್ಧ ಸಂಪಾದನೆ ಅದರಲ್ಲಿ. ಅದಕ್ಕಿಂತ ದೊಡ್ಡದು, ಆ ಎರಡು ವಾರ ಸ್ವೀಡ್ ವ್ಯಾಲಿಯ ಎಲ್ಲ ಗಂಡಸರೂ ಅವಳು ಹೇಳಿದ ಕಡೆ ನಿಂತು, ಅವಳು ಹೇಳಿದಾಗ ಬಾಗಿಲು ತೆರೆಯುತ್ತಿದ್ದರು.

ಹೊಸ ಪಿಕಪ್ ಬಂದ ವರ್ಷದ ಬೇಸಿಗೆಯಲ್ಲಿ ಅವಳ ಹಳೆಯ ಪಿಕಪ್ ನಾಲ್ಕು ಲಕ್ಷ ಮೈಲಿ ಮುಗಿಸಿ ಅಂಚೆ ಕಚೇರಿಯ ಮುಂದೆ ಪ್ರಾಣಬಿಟ್ಟಿತು. ಅದು ಫೋರ್ ವೀಲ್ ಆಗಿತ್ತು. ಆರ್ಡಿತ್ ಎಣಿಸಿ ನೋಡಿದ್ದಳು. ಅಷ್ಟು ಮೈಲಿಯಲ್ಲಿ ಮುಂದಿನ ಗಾಲಿಗಳ ಸಹಾಯ ಬೇಕಾದದ್ದು ಒಂಬತ್ತು ಸಲ. ಅದರಲ್ಲಿ ಐದು ಸಲ ಬೇಡದ ಕಡೆ ನುಗ್ಗಿದ್ದು ಅವಳದೇ ತಪ್ಪು.

ಅರವತ್ತು ಮೈಲಿ ದೂರದ ಮಾರಾಟಗಾರನ ಅಂಗಳದಲ್ಲಿ ಗ್ಯಾರೆಟ್ ಎಂಬ ಹುರುಪಿನ ಯುವಕ ಅವಳನ್ನು ಎದುರುಗೊಂಡ.

“ಮೇಡಂ, ನಿಮ್ಮ ಕಡೆಯೋರು ಟೂ ವೀಲ್ ಕೇಳೋದೇ ಇಲ್ಲ. ಟ್ರೈಲರ್ ಎಳೀತೀರಿ ಅಂದ್ರೆ ಕಣ್ಣುಮುಚ್ಚಿ ಫೋರ್ ವೀಲ್ ತಗೊಳ್ಳಿ.”

“ಕಣ್ಣು ಮುಚ್ಕೊಂಡು ಎಳೆಯೋಕಾಗಲ್ಲಪ್ಪ. ಬಾಗಿಲು ತೆಗಿ.”

ಬಾಗಿಲಂಚಿನಲ್ಲಿ ಆ ಗಾಡಿ ಎಷ್ಟು ಹೊರಬಹುದು ಎಂದು ಬರೆದ ಚೀಟಿ ಅಂಟಿಸಿರುತ್ತಾರೆ. ಆರ್ಡಿತ್ ಕನ್ನಡಕ ಏರಿಸಿ ಒಂದು ಫೋರ್ ವೀಲ್‌ನ ಚೀಟಿ ಓದಿದಳು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ, ಅದೇ ಎಂಜಿನ್ನಿನ ಬಿಳಿಯ ಟೂ ವೀಲ್‌ನ ಚೀಟಿಯನ್ನೂ ಓದಿದಳು.

“ನಾನೂರು ಪೌಂಡ್ ಜಾಸ್ತಿ ಹೊರುತ್ತೆ ಇದು. ಯಾಕೆ?”

“ಅದು... ಮುಂದೆ ಆಕ್ಸಲ್ಲು, ಗೇರು ಅದೂ ಇದೂ ಇಲ್ವಲ್ಲ ಮೇಡಂ, ಮೈ ಹಗುರ.”

“ಅಂದ್ರೆ ನಾಲ್ಕು ಸಾವಿರ ಡಾಲರ್ ಹೆಚ್ಚು ಕೊಟ್ಟು, ನಾನೂರು ಪೌಂಡ್ ಕಬ್ಬಿಣ ಹೇರ್ಕೊಂಡು ಊರೂರು ಮೆರವಣಿಗೆ ಮಾಡಬೇಕು. ನನಗೇನು ಹರಕೆಯಾ?”

“ಮರಳಲ್ಲಿ ಸಿಕ್ಕಿಕೊಂಡ್ರೆ?”

“ಸಿಕ್ಕಿಕೊಳ್ಳದ ಹಾಗೆ ಹೋಗೋಕೆ ಬರದಿದ್ದೋರಿಗೆ ಅಲ್ವೇನಪ್ಪ ಅದು? ಕೀಲಿ ಕೊಡು.”

ಅವಳ ಲೆಕ್ಕ ಸರಳವಾಗಿತ್ತು. ಅವಳ ಟ್ರೈಲರಿನ ಉದ್ದ ಕತ್ತು ಪಿಕಪ್ಪಿನ ಬೆನ್ನ ಮೇಲೆ, ಸರಿಯಾಗಿ ಹಿಂದಿನ ಗಾಲಿಗಳ ನೆತ್ತಿಗೆ ಕೂರುತ್ತದೆ. ಹಸು ತುಂಬಿದಷ್ಟೂ ಆ ಗಾಲಿಗಳು ನೆಲಕ್ಕೆ ಒತ್ತಿಕೊಳ್ಳುತ್ತವೆ. ಎಳೆಯುವ ಗಾಲಿಯ ಮೇಲೆ ಭಾರ ಹಾಕಲು ದೇವರೇ ಹತ್ತು ಹಸು ಕೊಟ್ಟಿರುವಾಗ ಮುಂದಿನ ಗಾಲಿಗಳು ದಾರಿ ತೋರಿಸಿಕೊಂಡು ತೆಪ್ಪಗಿದ್ದರೆ ಸಾಕು.

ಈ ಲೆಕ್ಕವನ್ನು ಅವಳು ದುಂಡುಮೇಜಿಗೆ ವಿವರಿಸಲಿಲ್ಲ. ಕೇಳದವರಿಗೆ ಹೇಳುವ ಚಾಳಿ ಅವಳಿಗಿರಲಿಲ್ಲ.

ಸೆಪ್ಟೆಂಬರಿನಲ್ಲಿ ಸಂಘದ ಸಭೆ ಅಗ್ನಿಶಾಮಕ ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಸೇರಿತು. ಲೋವೆಲ್ ಗಂಟಲು ಸರಿಮಾಡಿಕೊಂಡು ಹೊಸ ನಿಯಮ ಓದಿದ. ಬಡಗಣ ಹುಲ್ಲುಗಾವಲಿನ ಸಾಗಾಟಕ್ಕೆ ಇನ್ನು ಮುಂದೆ ಫೋರ್ ವೀಲ್ ಗಾಡಿಗಳು ಮಾತ್ರ. ದನಗಳ ಸುರಕ್ಷತೆಯ ದೃಷ್ಟಿಯಿಂದ. ಈ ವರ್ಷದ ಸಾಗಾಟವನ್ನು ಅಧ್ಯಕ್ಷರೇ ತಮ್ಮ ಸ್ವಂತ ಗಾಡಿಯಲ್ಲಿ ವಹಿಸಿಕೊಳ್ಳಲು ದೊಡ್ಡ ಮನಸ್ಸು ಮಾಡಿದ್ದಾರೆ.

ಆರ್ಡಿತ್ ಎದ್ದು ನಿಂತಳು. ಅವಳು ಗಿಡ್ಡ ಹೆಂಗಸು. ಎದ್ದರೂ ಕೂತರೂ ಅಂಥ ವ್ಯತ್ಯಾಸ ಇರಲಿಲ್ಲ. ಆದರೆ ಶೆಡ್ಡಿನಲ್ಲಿ ಎರಡು ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು.

“ಮೂವತ್ತೊಂದು ವರ್ಷ. ಒಂದು ಹಸು ಕಾಲು ಮುರ್ಕೊಂಡಿದೆಯಾ?”

“ಇಲ್ಲ ಆರ್ಡಿ, ಆದ್ರೆ...”

“ಒಂದು ಸಲ ನನಗೆ ಸರಪಳಿ ಹಾಕಿ ಎಳೆದಿದ್ದೀರಾ?”

ಎಲ್ಲರೂ ಬೂಟು ನೋಡಿಕೊಂಡರು.

“ಹಾಗಾದ್ರೆ ಕೇಳಿ. ಮೊದಲನೇ ದಿನ ನಾನೂ ಬರ್ತೀನಿ, ಲೋವೆಲ್ಲೂ ಬರಲಿ. ಯಾರ ಗಾಡಿಗೆ ಸರಪಳಿ ಬೇಕಾಗುತ್ತೋ ಅವರು ಕೊಂಡಿ ಕಳಚಿ ಮನೆಗೆ ಹೋಗೋದು. ನನಗೆ ಬೇಕಾಯ್ತಾ, ಟ್ರೈಲರ್ ನಿಮ್ಮ ಸಂಘಕ್ಕೇ ಕೊಟ್ಟುಬಿಡ್ತೀನಿ, ಅದರಲ್ಲಿ ಹೂವು ಬೆಳೆಸಿ. ಅವನಿಗೆ ಬೇಕಾಯ್ತಾ, ಈ ನಿಯಮ ಹರಿದು ಅವನ ಕೈಗೇ ಕೊಡೋದು.”

ಲೋವೆಲ್ ನಕ್ಕ. ನಗು ಸ್ವಲ್ಪ ಬೇಗ ಮುಗಿಯಿತು. “ನಿನ್ನಿಷ್ಟ ಕಣೇ. ಆಮೇಲೆ ಅಳಬೇಡ.”

ಅಲ್ಲಿಂದ ಮೂರು ವಾರ ಊರಿನ ರಸ್ತೆಗಳಲ್ಲಿ ಅವಳಿಗೊಂದು ಬಹಿಷ್ಕಾರ ನಡೆಯಿತು. ಅಲ್ಲಿ ಎದುರಾದ ಗಾಡಿಗೆ ಸ್ಟಿಯರಿಂಗ್ ಮೇಲಿಂದ ಒಂದು ಬೆರಳು ಎತ್ತುವುದೇ ನಮಸ್ಕಾರ. ಈಗ ಬಿಳಿ ಪಿಕಪ್ ಕಂಡರೆ ಬೆರಳುಗಳಿಗೆಲ್ಲ ವಾತ ಹಿಡಿಯುತ್ತಿತ್ತು. ಆರ್ಡಿತ್ ಪ್ರತಿಯೊಬ್ಬರಿಗೂ ಐದೂ ಬೆರಳು ಎತ್ತಿ, ಕಿಟಕಿಯಿಂದ ಕೈ ಹೊರಹಾಕಿ, ಪಟ್ಟಕ್ಕೆ ಬಂದ ರಾಣಿಯ ಹಾಗೆ ಬೀಸುತ್ತ ಹೋದಳು.

ಕದನದ ಹಿಂದಿನ ದಿನ ಅವಳು ಬಡಗಣ ಹುಲ್ಲುಗಾವಲಿಗೆ ಹೋಗಿ ನಡೆದು ನೋಡಿದಳು. ದನ ತುಂಬುವ ದೊಡ್ಡಿ ತಗ್ಗಿನಲ್ಲಿದೆ. ಗಟ್ಟಿ ಜಲ್ಲಿದಾರಿ ದೊಡ್ಡಿಗೆ ಮೂವತ್ತು ಅಡಿ ಇರುವಾಗ ಮುಗಿಯುತ್ತದೆ. ಆ ಮೂವತ್ತು ಅಡಿ, ಮತ್ತು ದೊಡ್ಡಿಯ ಸುತ್ತಲಿನ ಬಯಲು, ದನಗಳ ಗೊರಸಿಗೆ ಸಿಕ್ಕಿ ಹಿಟ್ಟಿನಂತಾದ ಮರಳು. ಆರು ವಾರದಿಂದ ಮಳೆ ಇಲ್ಲ. ಹಿಮ್ಮಡಿ ಊರಿದರೆ ಬೂಟು ಹೂತುಹೋಗುತ್ತಿತ್ತು. ಅವಳು ಹೆಜ್ಜೆ ಅಳೆದು, ಜಲ್ಲಿ ಮುಗಿಯುವಲ್ಲಿ ಒಂದು ಕೋಲು ನೆಟ್ಟು, ಶಿಳ್ಳೆ ಹಾಕುತ್ತ ಮನೆಗೆ ಬಂದಳು. ಉಪ್ಪಿನ ಎಂಟು ಮೂಟೆಗಳನ್ನು ಪಿಕಪ್ಪಿನ ಬೆನ್ನಿಗೆ ಹೇರಿದಳು, ಅದರ ಮೇಲೆ ಎರಡು ಸರಪಳಿ ಎಸೆದಳು.

ಮರುದಿನ ಬೆಳಗ್ಗೆ ಗಾಳಿ ತಣ್ಣಗಿತ್ತು. ಉಳಿದ ಗಂಡಸರು ಕುದುರೆ ಹತ್ತಿ ಗುಡ್ಡದಾಚೆ ದನ ಕೂಡಿಸಲು ಹೋಗಿದ್ದರು. ಮೊದಲ ಗುಂಪು ಆಗಲೇ ದೊಡ್ಡಿಯಲ್ಲಿತ್ತು. ಅಲ್ಲಿದ್ದವರು ಆರ್ಡಿತ್, ಲೋವೆಲ್ ಮತ್ತು ಕಪ್ಪು ಬಣ್ಣದ ಇಪ್ಪತ್ತು ಹಸುಗಳು.

“ಮೊದಲು ಹೆಂಗಸರು,” ಎಂದು ಲೋವೆಲ್ ಟೋಪಿ ತೆಗೆದು ಬಾಗಿದ.

ಆರ್ಡಿತ್ ಹಿಂದಿನ ಟೈರುಗಳ ಗಾಳಿ ಸ್ವಲ್ಪ ಇಳಿಸಿದಳು. ಆಮೇಲೆ ಜಲ್ಲಿದಾರಿಯ ಮೇಲೇ ಗಾಡಿ ತಿರುಗಿಸಿ, ದೊಡ್ಡಿಗೆ ಬೆನ್ನು ಮಾಡಿ, ಹಿಂದಕ್ಕೆ ಹೊರಟಳು. ಒಂದು ಕೈ ಸ್ಟಿಯರಿಂಗಿನ ಮೇಲೆ, ಇನ್ನೊಂದು ಕೈಯಲ್ಲಿ ಕಾಫಿ. ಹಾಲಿನ ಕ್ಯಾನುಗಳ ನಡುವೆ ತೂರಿದಂತೆ ಟ್ರೈಲರ್ ಮರಳಿನ ಮೇಲೆ ನೇರವಾಗಿ ಹಿಂದೆ ಸರಿದು ದೊಡ್ಡಿಯ ಬಾಗಿಲಿಗೆ ಮುತ್ತಿಟ್ಟ ಹಾಗೆ ನಿಂತಿತು. ಮೂವತ್ತು ಅಡಿ ಮರಳನ್ನು ಟ್ರೈಲರೂ ಪಿಕಪ್ಪಿನ ಬಾಲವೂ ತಿಂದುಹಾಕಿದ್ದವು. ಎಳೆಯುವ ಎರಡು ಗಾಲಿ ನಿಂತಿದ್ದು ನೆಟ್ಟ ಕೋಲಿನ ಈಚೆಗೆ, ಗಟ್ಟಿ ಜಲ್ಲಿಯ ಮೇಲೆ. ದಪ್ಪ ಹಸುಗಳನ್ನು ಮೊದಲು ಹತ್ತಿಸಿ ಟ್ರೈಲರಿನ ಮುಂಭಾಗದಲ್ಲಿ ಕೂಡಿಹಾಕಿದಳು. ಪಿಕಪ್ಪಿನ ಹಿಂಭಾಗ ಒಂದಿಷ್ಟು ಕುಸಿದು ಗಾಲಿಗಳು ನೆಲಕ್ಕೆ ಆತುಕೊಂಡವು. ಗೇರು ಹಾಕಿದಳು. ಹತ್ತು ಹಸು, ಒಂದು ಹೆಂಗಸು, ಎರಡು ಗಾಲಿ, ಒಂದು ಹನಿ ಕಾಫಿ ಚೆಲ್ಲದೆ ದಿಬ್ಬ ಏರಿ ಗೇಟಿನ ಬಳಿ ನಿಂತವು.

ಈಗ ಲೋವೆಲ್ಲನ ಸರದಿ. ಅವನಿಗೆ ಟ್ರೈಲರ್ ಹಿಂದಕ್ಕೆ ಓಡಿಸಲು ಬಾರದು. ಇದು ಊರಿಗೆಲ್ಲ ಗೊತ್ತು, ಯಾರೂ ಆಡುವುದಿಲ್ಲ. ಅವನು ಲಿವರನ್ನು ಗಂಭೀರವಾಗಿ ಎಳೆದು, ಮೂತಿ ಮುಂದೆ ಮಾಡಿ ಮರಳಿಗೆ ನುಗ್ಗಿ, ಬಯಲಲ್ಲಿ ದೊಡ್ಡ ಸುತ್ತು ಹೊಡೆದು, ನಾಲ್ಕೂ ಗಾಲಿ ಮರಳಿನ ಮೇಲೇ ಇರುವಂತೆ ದೊಡ್ಡಿಗೆ ಅಡ್ಡಲಾಗಿ ಬಂದು ನಿಂತ. ಖಾಲಿ ಟ್ರೈಲರ್ ಹೇಗೋ ತೇಲಿತು. ಹಸು ತುಂಬಿದ. ಎತ್ತರ ಮಾಡಿಸಿದ ಪಿಕಪ್ಪಿನ ಮೇಲೆ ಟ್ರೈಲರಿನ ಮೂತಿ ಆಕಾಶ ನೋಡುತ್ತಿತ್ತು. ಒಳಗಿನ ಹಸುಗಳೆಲ್ಲ ಇಳಿಜಾರಿಗೆ ಹಿಂದಕ್ಕೆ ಜಾರಿ ಗುಂಪಾಗಿ ನಿಂತವು. ಲೋವೆಲ್ ಹೊರಟ. ಇಪ್ಪತ್ತು ಅಡಿ ಬಂದ. ಎಂಜಿನ್ ಗರ್ಜಿಸಿತು, ಮರಳು ಕಾರಂಜಿಯಂತೆ ಹಾರಿತು. ಹೊಗೆ ಇಳಿದಾಗ ಎತ್ತರದ ಪಿಕಪ್ ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಗಿಡ್ಡವಾಗಿತ್ತು.

ದಿಬ್ಬದ ಮೇಲಿಂದ ನೋಡುತ್ತಿದ್ದ ಆರ್ಡಿತ್ ಹುಬ್ಬು ಗಂಟಿಕ್ಕಿದಳು. ಹಿಂದಿನ ಗಾಲಿಗಳು ಹುಚ್ಚೆದ್ದು ತಿರುಗುತ್ತಿದ್ದವು. ಮುಂದಿನವು ಬೀಗರ ಮನೆಗೆ ಬಂದ ನೆಂಟರ ಹಾಗೆ ಸುಮ್ಮನೆ ಕೂತಿದ್ದವು. ಅವಳು ಕೆಳಗಿಳಿದು ಬಂದು ಮುಂದಿನ ಗಾಲಿಯ ಬಳಿ ಕುಕ್ಕರಗಾಲಲ್ಲಿ ಕೂತಳು. ಆ ಕಾಲದ ಪಿಕಪ್ಪುಗಳಲ್ಲಿ ಒಳಗಿನ ಲಿವರ್ ಎಳೆದರೆ ಸಾಲದು. ಕೆಳಗಿಳಿದು ಪ್ರತಿ ಮುಂಗಾಲಿಯ ನಟ್ಟನಡುವೆ ಇರುವ ಗುಂಡಿಯನ್ನು ಕೈಯಿಂದ ತಿರುಗಿಸಿ ಬಿಗಿ ಮಾಡಬೇಕು. ಇಲ್ಲದಿದ್ದರೆ ಗಾಲಿಗಳು ಬರೀ ಉರುಳುತ್ತವೆ, ಎಳೆಯುವುದಿಲ್ಲ. ಗುಂಡಿಯ ಬಾಣ ‘ಸಡಿಲ’ ಎಂಬ ಕಡೆ ತೋರಿಸುತ್ತಿತ್ತು. ಅದರ ಮೇಲೆ ನೀರಿನ ಗೋಪುರವೂ ನಾಚುವಷ್ಟು ತುಕ್ಕಿತ್ತು.

“ಲೋವೆಲ್. ಈ ಗುಂಡಿ ತಿರುಗಿಸಿ ಎಷ್ಟು ದಿನ ಆಯ್ತು?”

ಕಿಟಕಿಯಿಂದ ಕೆಂಪಗಾದ ಮುಖ ಹೊರಬಂತು. “ಯಾವ ಗುಂಡಿ?”

ಇಂಥ ಕ್ಷಣ ಬದುಕಿನಲ್ಲಿ ಒಮ್ಮೆ ಬರುತ್ತದೆ, ಅದನ್ನು ಅವಸರದಲ್ಲಿ ನುಂಗಬಾರದು ಎಂದು ಆರ್ಡಿತ್‌ಳಿಗೆ ಅನಿಸಿತು. ಆಮೇಲೆ ಬೆರಳಿಟ್ಟು ತೋರಿಸಿ ವಿವರಿಸಿದಳು. ಲೋವೆಲ್ ಇಳಿದು ಬಂದ. ಎಡಗಾಲಿ ನೋಡಿದ, ಬಲಗಾಲಿ ನೋಡಿದ, ಟೋಪಿ ತೆಗೆದ, ಹಾಕಿಕೊಂಡ.

“ನಾನದು ಅಲಂಕಾರಕ್ಕೆ ಇರೋದು ಅಂದ್ಕೊಂಡಿದ್ದೆ,” ಎಂದ ಮೆಲ್ಲಗೆ.

“ಹನ್ನೊಂದು ಚಳಿಗಾಲ ಟೂ ವೀಲ್ ಓಡಿಸಿದ್ದೀಯ ಮಾರಾಯ! ಚೆನ್ನಾಗೇ ಓಡಿಸಿದ್ದೀಯ. ಮತ್ತೆ ಆ ನೆಲ ಕಚ್ಚೋದು ಪೃಷ್ಠಕ್ಕೆ ಗೊತ್ತಾಗ್ತಿತ್ತಲ್ಲ, ಏನದು?”

“ಆರ್ಡಿ, ಬೇಡ. ದಮ್ಮಯ್ಯ.”

ಗುಡ್ಡದಾಚೆಯಿಂದ ಮುಂದಿನ ಗುಂಪಿನ ದನಗಳ ಕೂಗು ಕೇಳಿಸಿತು. ಹದಿನೈದು ನಿಮಿಷದಲ್ಲಿ ದುಂಡುಮೇಜಿಗೆ ಮೇಜೇ ಕುದುರೆಯೇರಿ ಇಲ್ಲಿಗೆ ಬರುವುದಿತ್ತು. ಆರ್ಡಿತ್ ಪ್ಯಾಂಟಿನ ಮರಳು ಕೊಡವಿಕೊಂಡು ಎದ್ದಳು.

“ನೋಡು, ಎರಡು ದಾರಿ ಇದೆ. ನನ್ನ ಹತ್ರ ಸುತ್ತಿಗೆ ಇದೆ, ಎಣ್ಣೆ ಇದೆ. ಬಡಿದು ಬಡಿದು ಗುಂಡಿ ತಿರುಗಿಸ್ತೀನಿ. ನಾಲ್ಕೂ ಗಾಲಿ ಎಳೆದ್ರೆ ನೀನು ನಿನ್ನ ಕಾಲ ಮೇಲೇ ಹೊರಗೆ ಬರಬಹುದು, ಪಂದ್ಯ ಸೋತ ಹಾಗಾಗಲ್ಲ. ಆದ್ರೆ ಅರ್ಧ ಗಂಟೆ ಬಡಿಬೇಕು. ಅವರೆಲ್ಲ ಬಂದು, ಏನ್ ಬಡೀತಿದೀರಿ ಅಂತ ಕೇಳ್ತಾರೆ.”

ಲೋವೆಲ್ ಕಣ್ಣು ಮುಚ್ಚಿದ. “ಇನ್ನೊಂದು?”

“ಸರಪಳಿ. ಹತ್ತು ನಿಮಿಷ. ಮರಳು ಅಂದ್ರೆ ಮರಳು, ಯಾರ ಗಾಡಿ ಬೇಕಾದ್ರೂ ಹೂತ್ಕೊಳ್ಳುತ್ತೆ. ಗುಂಡಿ ವಿಷಯ ನನ್ನ ನಿನ್ನ ನಡುವೆ.”

ಅರವತ್ತಮೂರು ವರ್ಷದ ಬದುಕಿನಲ್ಲಿ ಲೋವೆಲ್ ಸ್ಟ್ರಾಂಡ್ ಇಷ್ಟು ಬೇಗ ಯಾವ ತೀರ್ಮಾನವನ್ನೂ ಮಾಡಿರಲಿಲ್ಲ.

“ಸರಪಳಿ ತಾರೇ.”

ಅವನ ಹಸುಗಳನ್ನು ಮತ್ತೆ ದೊಡ್ಡಿಗೆ ಇಳಿಸಿದರು. ಗಾಲಿಗಳ ಮುಂದಿನ ಮರಳು ಬಗೆದರು. ಆರ್ಡಿತ್ ಗೇಟಿನ ಬಳಿ ತನ್ನ ಟ್ರೈಲರ್ ಕಳಚಿಟ್ಟು, ಹಸುಗಳ ಭಾರದ ಬದಲಿಗೆ ಉಪ್ಪಿನ ಎಂಟು ಮೂಟೆ ಹೊತ್ತ ಪಿಕಪ್ಪನ್ನು ಜಲ್ಲಿಯ ಅಂಚಿಗೆ ತಂದಳು. ಎರಡು ಸರಪಳಿ ಗಂಟು ಹಾಕಿ ಅವನ ಮೂತಿಗೆ ಬಿಗಿದಳು. ದನಗಳ ಹಿಂದೆ ಕುದುರೆ ಸವಾರರು ಗುಡ್ಡದ ನೆತ್ತಿಯ ಮೇಲೆ ಕಾಣಿಸಿಕೊಂಡಾಗ ಅವರು ನೋಡಿದ್ದು ಇಷ್ಟು: ಹೂವಿನಂಗಡಿಯ ಗಾಡಿ ಮುಂದೆ, ಸಂಘದ ಅಧ್ಯಕ್ಷರ ಫೋರ್ ವೀಲ್ ಹಿಂದೆ, ನಡುವೆ ಬಿಗಿಯಾದ ಸರಪಳಿ, ಮತ್ತು ಬಿಳಿ ಪಿಕಪ್ಪಿನ ಕಿಟಕಿಯಿಂದ ಹೊರಬಂದು ಐದೂ ಬೆರಳು ಬೀಸುತ್ತಿದ್ದ ಕೈ.

ಮುಂದಿನ ಸಭೆಯಲ್ಲಿ ಲೋವೆಲ್ ಎದ್ದು ನಿಂತು, ನಿಯಮ ಹಾಗೇ ಇರಲಿ, ಆರ್ಡಿತ್ ಕುಚೆರಾ ಅವರ ಅನುಭವ ಪರಿಗಣಿಸಿ ಅವರೊಬ್ಬರಿಗೆ ವಿನಾಯಿತಿ ಕೊಡೋಣ ಎಂದ. ಗಂಡಸರು ಚಪ್ಪಾಳೆ ತಟ್ಟಿದರು. ಔದಾರ್ಯದಿಂದ ಅವರ ಮುಖಗಳು ಹೊಳೆಯುತ್ತಿದ್ದವು.

“ವಿನಾಯಿತಿ ನಿಮ್ಮ ಹತ್ರಾನೇ ಇರಲಿ,” ಎಂದಳು ಆರ್ಡಿತ್. “ನಾನೇನು ಕುಂಟು ಕುದುರೆಯಾ, ಕರುಣೆ ತೋರಿಸೋಕೆ? ಮಾತು ಆಗಿದ್ದು ಹರಿಯೋದು ಅಂತ. ಹರೀರಿ.”

“ಈಗ ಯಾಕೆ ಆರ್ಡಿ ಹಠ...”

“ಲೋವೆಲ್, ನಾನು ಗುಂಡಿ ಹಾಕಿಲ್ದೇ ಇರೋ ಕೋಟು ಹಾಕ್ಕೊಂಡು ಬಂದಿದೀನಿ ಇವತ್ತು. ಚಳಿ ಆಗ್ತಿದೆ. ಬೇಗ ಮುಗಿಸೋಣ.”

ಲೋವೆಲ್ ಕಾಗದ ತೆಗೆದು ಹರಿದ. ಎರಡಾಗಿ, ನಾಲ್ಕಾಗಿ, ಎಂಟಾಗಿ. ಉಳಿದವರು ಅವನ ಉತ್ಸಾಹ ಕಂಡು ಬೆರಗಾದರು.

ಉಳಿದ ಸಾಗಾಟವನ್ನೆಲ್ಲ ಆರ್ಡಿತ್‌ಳೇ ಮುಗಿಸಿದಳು. ಬಾಗಿಲು ತೆರೆಯುವ ಕೆಲಸಕ್ಕೆ ಲೋವೆಲ್ಲನನ್ನು ನಿಲ್ಲಿಸಿದ್ದಳು. ನವೆಂಬರಿನಲ್ಲಿ ಮೊದಲ ಹಿಮ ಬಿತ್ತು. ಬೆಳಗ್ಗೆ ಏಳೂವರೆಗೆ ದುಂಡುಮೇಜು ಅಧ್ಯಕ್ಷರ ವರದಿಗೆ ಕಾದು ಕೂತಿತು. ಲೋವೆಲ್ ಬಂದ, ಬೂಟಿನ ಹಿಮ ಕೊಡವಿದ, ಕಾಫಿ ಹಿಡಿದು ಕೂತ. ಅವನ ಎರಡೂ ಅಂಗೈ ತುಕ್ಕಿನಿಂದ ಕಂದಾಗಿದ್ದವು, ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು.

“ಏನಪ್ಪ, ಲಿವರ್ ಎಳೆದ್ಯಾ? ಕಚ್ಚಿತಾ?” ಎಂದು ಯಾರೋ ಕೇಳಿದರು.

ಲೋವೆಲ್ ಕಿಟಕಿಯ ಬಳಿಯ ಮೇಜಿನತ್ತ ನೋಡಿದ. ಅಲ್ಲಿ ಆರ್ಡಿತ್ ಚಿಲ್ಲಿಯಲ್ಲಿ ರೋಲ್ ಅದ್ದುತ್ತ ತುಂಬ ಶ್ರದ್ಧೆಯಿಂದ ಮೇಲೆ ನೋಡದೆ ಇದ್ದಳು.

“ಕಚ್ಚಿತು,” ಎಂದ ಲೋವೆಲ್. ಅವನ ದನಿಯಲ್ಲಿ ಹನ್ನೊಂದು ವರ್ಷದಲ್ಲಿ ಇಲ್ಲದ ಬೆರಗಿತ್ತು. “ಈ ವರ್ಷ ಬಹಳ ಬೇರೆ ಥರ ಕಚ್ಚಿತು.”

“ಲವೊನ್, ಅವನಿಗೊಂದು ರೋಲ್ ಕೊಡೇ,” ಎಂದಳು ಆರ್ಡಿತ್. “ನನ್ನ ಕಡೆಯಿಂದ. ಪಾಪ, ಅಭ್ಯಾಸ ಇಲ್ಲ.”